ಗೊತ್ತಿದ್ದವನ ಮೌನ

2012ರ ಫೆಬ್ರುವರಿಯಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆ 345 ಹಳೆಯ ಕಾಮಿಕ್ ಪುಸ್ತಕಗಳನ್ನು ಹರಾಜಿಗಿಟ್ಟಿತು. ಒಟ್ಟು ಬಂದದ್ದು ಸುಮಾರು 35 ಲಕ್ಷ ಡಾಲರ್. ಬ್ಯಾಟ್‌ಮನ್ ಮೊದಲ ಸಲ ಕಾಣಿಸಿಕೊಂಡ 1939ರ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯೊಂದೇ 5,23,000 ಡಾಲರಿಗೆ ಹೋಯಿತು. ಸೂಪರ್‌ಮನ್ ಹುಟ್ಟಿದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಗೆ 2,99,000 ಸಿಕ್ಕಿತು. ಅಂಗಡಿಯಲ್ಲಿ ಮಾರುವಾಗ ಎರಡರ ಬೆಲೆಯೂ ಹತ್ತು ಸೆಂಟ್.

ಕೊಂಡಿಟ್ಟವನು ಬಿಲ್ಲಿ ರೈಟ್. ಹುಡುಗನಾಗಿದ್ದಾಗ ಕೊಂಡದ್ದನ್ನು ದೊಡ್ಡವನಾಗಿ ರಸಾಯನ ಎಂಜಿನಿಯರ್ ಆದ ಮೇಲೂ ಬಿಸಾಡಲಿಲ್ಲ, ಮಾರಲೂ ಇಲ್ಲ. 1994ರಲ್ಲಿ ತೀರಿಕೊಂಡ. 2011ರಲ್ಲಿ ಅವನ ಹೆಂಡತಿಯೂ ಹೋದ ಮೇಲೆ ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿದ್ದ ಮನೆ ಖಾಲಿ ಮಾಡಲು ಬಂದ ಮೊಮ್ಮಗನ ವರಸೆಯವನಿಗೆ ನೆಲಮಾಳಿಗೆಯ ಕಪಾಟಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟ ಅಟ್ಟಿಗಳು ಸಿಕ್ಕವು. ಅವನು ಕ್ಯಾಲಿಫೋರ್ನಿಯಾದಲ್ಲಿ ಎಣ್ಣೆಯಿಂದ ನೀರು ಬೇರ್ಪಡಿಸುವ ಘಟಕವೊಂದರ ಕೆಲಸಗಾರ. ಅರ್ಧ ತಾನಿಟ್ಟುಕೊಂಡ, ಉಳಿದರ್ಧ ಸಹೋದರನ ಪಾಲೆಂದು ಟೆಕ್ಸಸ್‌ನಲ್ಲಿದ್ದ ತಾಯಿಯ ಮನೆ ಸೇರಿತು. ಕೆಲವು ತಿಂಗಳ ಮೇಲೆ ಜೊತೆಯಲ್ಲಿ ಕೆಲಸ ಮಾಡುವವನೊಬ್ಬ, ಅದರಲ್ಲಿ ‘ಆ್ಯಕ್ಷನ್’ ಮೊದಲ ಸಂಚಿಕೆ ಇದ್ದರೆ ಎಷ್ಟು ಚೆನ್ನ ಅಂತ ಸುಮ್ಮನೆ ಮಾತಿಗೆ ಅಂದ. ಆಮೇಲೆಯೇ ಮಗ ಇಲ್ಲಿ, ತಾಯಿ ಅಲ್ಲಿ ತಮ್ಮ ತಮ್ಮ ಪೆಟ್ಟಿಗೆ ಬಿಚ್ಚಿ ಪಟ್ಟಿ ಹಿಡಿದು ನೋಡಿದ್ದು. ಬೆಲೆ ಗೊತ್ತಾಗುವ ಮೊದಲೇ ಪಾಲಾಗಿತ್ತು ಎನ್ನುವುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಂಥ ಹರಾಜಾದಾಗ ಸಂಗ್ರಾಹಕರ ಮಾತು ಹಲವು ದಿಕ್ಕಿಗೆ ಹರಿಯುತ್ತದೆ. ಅತಿ ಬೆಲೆಬಾಳುವ ನೂರು ಸಂಚಿಕೆಗಳ ಪಟ್ಟಿಯಲ್ಲಿ 44 ಒಬ್ಬನೇ ಹುಡುಗನ ಕೈಯಲ್ಲಿದ್ದದ್ದು ಹೇಗೆ? ಒಬ್ಬ ಮನುಷ್ಯ ಜೀವಮಾನವಿಡೀ ಒಟ್ಟಿಗೆ ಇಟ್ಟದ್ದನ್ನು ಹೀಗೆ ಮುನ್ನೂರು ಕೈಗೆ ಹಂಚಬಹುದೆ? ಸಂಚಿಕೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುದ್ರೆ ಒತ್ತಿ ಕೂರಿಸುತ್ತಾರಲ್ಲ, ಆಮೇಲೆ ಅದನ್ನು ಪುಸ್ತಕ ಅನ್ನಬೇಕೊ ಷೇರು ಪತ್ರ ಅನ್ನಬೇಕೊ? (ಡಬ್ಬಿ ಒಡೆಯದೆ ಪುಟ ತಿರುವುವಂತಿಲ್ಲ, ಒಡೆದರೆ ಅಂಕಕ್ಕೆ ಬೆಲೆಯಿಲ್ಲ. ಓದುವ ಆಸೆ ಇದ್ದವರು ಮರುಮುದ್ರಣ ಕೊಳ್ಳುತ್ತಾರೆ.) ಹೊರಗಿನವರು ಮಾತ್ರ ಒಂದೇ ಮಾತು ಆಡುತ್ತಾರೆ: ಮಕ್ಕಳ ಪುಸ್ತಕಕ್ಕೆ ಇಷ್ಟು ದುಡ್ಡೆ, ಏನು ದುರಾಸೆಯಪ್ಪ.

ನನಗೆ ಈ ಕೊನೆಯ ಮಾತು ಒಪ್ಪಿಗೆಯಾಗುವುದಿಲ್ಲ. ಹರಾಜು ಎಂದರೆ ಬೆಲೆಯನ್ನು ನಾಲ್ಕು ಜನರ ಎದುರು ಕೂಗಿ ಹೇಳುವುದು. ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಸೋತು ಹೋದವನಿಗೂ ಗೊತ್ತು. ನೀತಿಯ ಪ್ರಶ್ನೆ ಏಳುವುದು ಕೂಗಿಲ್ಲದ ಕಡೆ, ಮನೆಬಾಗಿಲಲ್ಲಿ ನಡೆಯುವ ಸದ್ದಿಲ್ಲದ ವ್ಯಾಪಾರದಲ್ಲಿ. ಸಂಗ್ರಾಹಕರಿಗೂ ಇದು ಗೊತ್ತಿದೆ. ಅದಕ್ಕೇ ಯಾವ ಹರಾಜಿನ ಮಾತು ಎತ್ತಿದರೂ ಕೊನೆಗೆ 1977ರ ಡೆನ್ವರ್‌ಗೆ ಬಂದು ನಿಲ್ಲುತ್ತಾರೆ.

ಡೆನ್ವರ್ ಇರುವ ಕೊಲರಾಡೊ ರಾಜ್ಯದ ಎಡ್ಗರ್ ಚರ್ಚ್ ಹುಟ್ಟಿದ್ದು 1888ರಲ್ಲಿ. ಜಾಹೀರಾತಿನ ಚಿತ್ರಕಾರ, ಟೆಲಿಫೋನ್ ಡೈರೆಕ್ಟರಿಯ ಹಳದಿ ಪುಟಗಳಿಗೆ ಚಿತ್ರ ಬರೆದುಕೊಟ್ಟವರು. ನೋಡಿ ಬರೆಯಲು ಬೇಕಾಗುತ್ತದೆಂದು ನಿಯತಕಾಲಿಕ, ಕಾಮಿಕ್ಸ್ ಎಲ್ಲ ಕೊಂಡು ಮನೆಯ ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟರು. ಸುಮಾರು 18ರಿಂದ 22 ಸಾವಿರ ಕಾಮಿಕ್ ಸಂಚಿಕೆಗಳು. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಊರು, ಗಾಳಿ ಒಣ ಗಾಳಿ. ಆ ಕಾಲದ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ನ್ಯೂಸ್‌ಪ್ರಿಂಟ್‌ನಲ್ಲಿ. ಬಿಸಿಲು, ತೇವ ತಾಗಿದರೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಹಪ್ಪಳದಂತೆ ಮುರಿಯುವ ಕಾಗದ. ಚರ್ಚ್ ಅವರ ಅಟ್ಟಿಯಲ್ಲಿ ಒಂದನ್ನೊಂದು ಒತ್ತಿಕೊಂಡು ಗಾಳಿಯಾಡದೆ, ಬೆಳಕು ಬೀಳದೆ ಕೂತ ಸಂಚಿಕೆಗಳು ನಲವತ್ತು ವರ್ಷದ ಮೇಲೂ ನಿನ್ನೆ ಅಂಗಡಿಯಿಂದ ತಂದಂತೆ ಬೆಳ್ಳಗಿದ್ದವು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಇವತ್ತಿಗೂ ಈ ಅಟ್ಟಿಯ ‘ಮೈಲ್ ಹೈ ಪ್ರತಿ’ ಎಂದರೆ ಸಂಗ್ರಾಹಕರ ನಡುವೆ ಅದರ ಮೇಲೆ ಮಾತಿಲ್ಲ.

ಮನೆಯವರು ಮನೆ ಖಾಲಿ ಮಾಡುವ ಅವಸರದಲ್ಲಿದ್ದರು. ಎಷ್ಟೋ ಕಾಗದ ಆಗಲೇ ಕಸಕ್ಕೆ ಹೋಗಿತ್ತು. ಯಾರೋ ಹೇಳಿ ಮೈಲ್ ಹೈ ಕಾಮಿಕ್ಸ್ ಅಂಗಡಿಯ ಚಕ್ ರೊಝಾನ್ಸ್ಕಿ ಬಂದರು. ವಯಸ್ಸು 21. ನೆಲಮಾಳಿಗೆಗೆ ಇಳಿದು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಕೊಟ್ಟ ದುಡ್ಡು ಎರಡು ಸಾವಿರ ಡಾಲರಿನ ಆಸುಪಾಸು ಎಂದು ಸಂಗ್ರಾಹಕರ ನಡುವೆ ಪ್ರತೀತಿ. ಅಂದರೆ ಒಂದೊಂದಕ್ಕೆ ಹತ್ತು ಸೆಂಟಿನ ಹತ್ತಿರ ಬರುತ್ತದೆ. ಚರ್ಚ್ ಅಂಗಡಿಯಲ್ಲಿ ಕೊಟ್ಟ ಬೆಲೆಯೇ ತಿರುಗಿ ಮನೆಗೆ ಬಂತು. ಕಾಮಿಕ್ಸ್‌ನ ದರಪಟ್ಟಿಯಾದ ಓವರ್‌ಸ್ಟ್ರೀಟ್ ಗೈಡ್ 1970ರಿಂದಲೇ ಮಾರಾಟದಲ್ಲಿತ್ತು. ರೊಝಾನ್ಸ್ಕಿ ಆ ಗೈಡಿನ ದರವನ್ನೇ ಅಡಿಪಾಯ ಮಾಡಿಕೊಂಡು ಅದರ ಎರಡರಷ್ಟು ಕೇಳಿದಾಗ ಸಂಗ್ರಾಹಕರು ಮೊದಲು ಬೈದರು, ಆಮೇಲೆ ಕೊಂಡರು. ಇನ್ನೊಂದು ಸಂಗತಿಯಿದೆ. ಈ ವ್ಯಾಪಾರ ನಡೆದಾಗ ಎಡ್ಗರ್ ಚರ್ಚ್ ಇನ್ನೂ ಬದುಕಿದ್ದರು. ತೀರಿಕೊಂಡದ್ದು 1978ರಲ್ಲಿ.

ರೊಝಾನ್ಸ್ಕಿಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡೋಣ. ಈ ಕಥೆ ನಮಗೆ ಬಹುಮಟ್ಟಿಗೆ ಗೊತ್ತಿರುವುದೇ ಅವರು ತಾವಾಗಿ ಕಂತು ಕಂತಾಗಿ ಬರೆದದ್ದರಿಂದ. ಮುಚ್ಚಿಡುವವನು ಹೀಗೆ ಬರೆಯುವುದಿಲ್ಲ. ಅವರು ಹೋಗದಿದ್ದರೆ ಇಪ್ಪತ್ತು ಸಾವಿರ ಸಂಚಿಕೆಗಳು ಕಸದ ಗುಂಡಿಗೆ ಬೀಳುತ್ತಿದ್ದವು. ಅವರಿಗಿದ್ದ ತಿಳಿವಳಿಕೆ ಆಕಾಶದಿಂದ ಉದುರಿದ್ದಲ್ಲ, ಹುಡುಗನಾಗಿದ್ದಾಗಿನಿಂದ ಧೂಳು ಕುಡಿದು ಗಳಿಸಿದ್ದು. ವೈದ್ಯ ತನ್ನ ತಿಳಿವಳಿಕೆಗೆ ದುಡ್ಡು ತಗೊಳ್ಳುವುದಿಲ್ಲವೆ? ಮನೆಯವರು ಒಂದು ಗೈಡ್ ಕೊಂಡು ನೋಡಿದ್ದರೆ ಅವರಿಗೂ ಗೊತ್ತಾಗುತ್ತಿತ್ತು.

ಕಾನೂನೂ ಅವರ ಬೆನ್ನಿಗಿದೆ. 1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರ್ಗನ್ ಎಂಬ ವರ್ತಕ ಲೇಡ್‌ಲಾ ಕಂಪನಿಯಿಂದ 111 ಪೀಪಾಯಿ ತಂಬಾಕು ಕೊಂಡ. ಬ್ರಿಟನ್ ಜೊತೆಗಿನ ಯುದ್ಧ ಮುಗಿದ ಸುದ್ದಿ ಅವನಿಗೆ ಬೆಳಗ್ಗೆಯೇ ತಲುಪಿತ್ತು, ಮಾರುವವರಿಗೆ ತಲುಪಿರಲಿಲ್ಲ. ಸುದ್ದಿ ಹರಡಿದ ಕೂಡಲೇ ತಂಬಾಕಿನ ದರ ಶೇಕಡಾ ಮೂವತ್ತರಿಂದ ಐವತ್ತರಷ್ಟು ಏರಿತು. 1817ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕೊಳ್ಳುವವನು ತನಗೆ ಗೊತ್ತಿದ್ದದ್ದನ್ನು ಹೇಳಲೇಬೇಕೆಂಬ ಕಟ್ಟು ಇಲ್ಲ ಎಂದಿತು. ಆದರೆ ಒಂದು ಎಳೆ ಬಿಟ್ಟಿತು. ದರ ಏರುವಂಥ ಸುದ್ದಿ ಏನಾದರೂ ಇದೆಯೆ ಎಂದು ಮಾರುವವರು ಕೇಳಿದ್ದರು. ಆಗ ಆರ್ಗನ್ ನಡೆದುಕೊಂಡ ರೀತಿಯಲ್ಲಿ ಮೋಸವಿತ್ತೆ ಎನ್ನುವುದನ್ನು ಜ್ಯೂರಿ ನೋಡಲಿ ಎಂದು ಮೊಕದ್ದಮೆಯನ್ನು ವಾಪಸು ಕಳಿಸಿತು. ನಮ್ಮ 1872ರ ಕರಾರು ಕಾಯಿದೆಯ 17ನೇ ಸೆಕ್ಷನ್ನಿನಲ್ಲೂ ಇದೇ ಧಾಟಿ. ಬರೀ ಮೌನ ವಂಚನೆಯಲ್ಲ. ದರ ಬದಲಾದದ್ದು ಒಬ್ಬ ವರ್ತಕನಿಗೆ ಗುಟ್ಟಾಗಿ ಗೊತ್ತಿದ್ದರೂ ಇನ್ನೊಬ್ಬನಿಗೆ ತಿಳಿಸಬೇಕಾಗಿಲ್ಲ ಎಂದು ಉದಾಹರಣೆಯನ್ನೂ ಕೊಟ್ಟಿದೆ.

ಕಾಯಿದೆ ಕೊಟ್ಟಿರುವ ಉದಾಹರಣೆಯಲ್ಲಿ ಇಬ್ಬರೂ ವರ್ತಕರು ಎನ್ನುವುದನ್ನು ನೋಡಬೇಕು. ಇಬ್ಬರೂ ಪೇಟೆಗೆ ಇಳಿದವರು. ಇವತ್ತು ಇವನು ಗೆದ್ದರೆ ನಾಳೆ ಅವನು. ಡೆನ್ವರ್‌ನ ಮನೆಯವರು ಪೇಟೆಗೆ ಇಳಿದವರಲ್ಲ. ಮುದುಕನ ಸಾಮಾನು ಎತ್ತಿಸಬೇಕಾದ ಕುಟುಂಬದವರು. ಅವರಿಗೆ ಎದುರಿಗೆ ನಿಂತವನು ಸಾಮಾನು ಎತ್ತಿಕೊಂಡು ಹೋಗಲು ಬಂದವನಂತೆ ಕಂಡಿರಬೇಕು. ಕಸದಿಂದ ಉಳಿಸಿದ ಎಂಬ ಸಮರ್ಥನೆಗೂ ಒಂದು ಮಿತಿಯಿದೆ. ಬಾವಿಗೆ ಬಿದ್ದ ಹಸುವನ್ನು ಮೇಲೆತ್ತಿದವನಿಗೆ ಹಗ್ಗದ ಕೂಲಿ ಕೊಡಬೇಕು, ಬೇಕಾದರೆ ನಾಲ್ಕು ದಿನದ ಹಾಲೂ ಕೊಡಬೇಕು, ಹಸುವೇ ಅವನದಾಗುವುದಿಲ್ಲ. ಎಷ್ಟು ಕೊಟ್ಟಿದ್ದರೆ ನ್ಯಾಯವಾಗುತ್ತಿತ್ತು ಎಂದು ಕೇಳಿದರೆ ನನ್ನ ಬಳಿ ಅಂಕಿಯಿಲ್ಲ. ಗೈಡಿನ ದರ ಪೂರ್ತಿ ಕೊಡಬೇಕು ಎಂದರೆ ಯಾವ ಅಂಗಡಿಯವನೂ ಉಳಿಯಲಾರ. ಆದರೆ ‘ಇದಕ್ಕೆ ಬೆಲೆಯಿದೆ’ ಎಂಬ ಒಂದು ವಾಕ್ಯದ ಋಣ ಅಲ್ಲಿ ಉಳಿದಿತ್ತು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಹೇಳದೆ ಕೊಂಡ ಎಲ್ಲ ವ್ಯಾಪಾರವೂ ತಪ್ಪೇ ಎಂದು ತೀರ್ಮಾನಿಸಲು ಹೋದರೆ 1938 ಅಡ್ಡ ಬರುತ್ತದೆ. ಸೂಪರ್‌ಮನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನ ಹುಡುಗರು, ಇಬ್ಬರಿಗೂ 23. ಆ ಮಾರ್ಚಿನಲ್ಲಿ ಪ್ರಕಾಶಕರಿಂದ 412 ಡಾಲರಿನ ಚೆಕ್ ಬಂತು. ಬೇರೆ ಕೆಲಸಗಳ ಬಾಕಿ ಕಳೆದರೆ ಸೂಪರ್‌ಮನ್ ಬಾಬತ್ತು 130 ಡಾಲರ್: ಪುಟಕ್ಕೆ ಹತ್ತರಂತೆ ಹದಿಮೂರು ಪುಟ. ಸರ್ವಹಕ್ಕೂ ಅದರಲ್ಲೇ ಹೋಯಿತು. ಆ ದಿನ ಚೆಕ್ಕಿಗೆ ಸಹಿ ಹಾಕಿದವನಿಗೂ ತಾನು ಕೊಂಡದ್ದು ಏನೆಂದು ಗೊತ್ತಿರಲಿಲ್ಲ. ಇಬ್ಬರೂ ಕತ್ತಲಲ್ಲಿದ್ದರು, ಆ ಒಪ್ಪಂದವನ್ನು ಮಾಡಿದ ಕ್ಷಣಕ್ಕೆ ನಾನು ದೂರುವುದಿಲ್ಲ. ದೂರುವುದು ಆಮೇಲಿನದಕ್ಕೆ. ಒಂದೆರಡು ವರ್ಷದಲ್ಲಿ ದುಡ್ಡು ಹೊಳೆಯಾಗಿ ಹರಿಯಿತು, ಗೊತ್ತಾಯಿತು. ಗೊತ್ತಾದ ಮೇಲೂ ಕಂಪನಿ ಆ ಕಾಗದವನ್ನೇ ಹಿಡಿದು ಕೂತಿತು. ಹುಡುಗರು ಕೋರ್ಟಿಗೆ ಹೋದರು, ಅವರ ಹೆಸರೇ ಪುಟದಿಂದ ಮಾಯವಾಯಿತು. ಶುಸ್ಟರ್ ಕಣ್ಣು ಮಂಜಾಗಿ ಬಡತನದಲ್ಲಿದ್ದರು. ದೊಡ್ಡ ಸಿನಿಮಾ ಬರಲಿದೆ ಎಂದಾಗ ಸೀಗಲ್ ಪತ್ರಿಕೆಗಳಿಗೆ ಬರೆದು ಗದ್ದಲವೆಬ್ಬಿಸಿ, ಕೊನೆಗೆ 1975ರಲ್ಲಿ ತಲಾ ವರ್ಷಕ್ಕೆ 20,000 ಡಾಲರ್ ಮತ್ತು ಹೆಸರು ಹಾಕುವ ಒಪ್ಪಂದವಾಯಿತು. ಮೂವತ್ತೇಳು ವರ್ಷ.

ಆ 412 ಡಾಲರಿನ ಚೆಕ್ ಇದೆಯಲ್ಲ, ಅದೂ 2012ರಲ್ಲೇ ಹರಾಜಾಯಿತು. 1,60,000 ಡಾಲರ್. ಬಿಡ್ ಕೂಗಿದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅನ್ಯಾಯದ ದಾಖಲೆಯನ್ನು ಯಾರಾದರೂ ಜೋಪಾನವಾಗಿ ಇಡಲಿ. ಆದರೆ ಸಂಗ್ರಾಹಕರು ತಮ್ಮ ಪ್ರೀತಿಯ ಬಗ್ಗೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರ ಆಸ್ತಿಗೆ ಬೆಲೆ ಬಂದದ್ದು ಬೇರೆಯವರು ಕಳೆದುಕೊಂಡದ್ದರಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಕೊಡಿ ಎಂದು ಸರ್ಕಾರ ಕೇಳಿತು, ಮಕ್ಕಳು ಕೊಟ್ಟರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಶಾಲೆಯ ಮಕ್ಕಳು ಕಾಮಿಕ್ಸ್ ರಾಶಿ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂದು ಪುಸ್ತಕ ಬರೆದು ಹೆದರಿಸಿದಾಗ ಅಮ್ಮಂದಿರು ಮಂಚದ ಕೆಳಗಿನದೆಲ್ಲ ಗುಡಿಸಿ ಹೊರಗೆ ಹಾಕಿದರು. ಎಲ್ಲರೂ ಇಟ್ಟುಕೊಂಡಿದ್ದರೆ ಇವತ್ತು ಯಾರ ಬಳಿ ಇದ್ದರೂ ಕಾಸಿಗೆ ಬಾಳುತ್ತಿರಲಿಲ್ಲ.

ಇದೆಲ್ಲ ಅಮೆರಿಕದ ಮಾತು ಎಂದು ಕೈತೊಳೆಯುವ ಹಾಗಿಲ್ಲ. ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿಯ ಪ್ರಸಿದ್ಧ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯದು. ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳು. ಆ ಹಳೆಯ ಕನ್ನಡ ಸಂಚಿಕೆಗಳಿಗೆ, 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನ ಮೊದಲ ಸಂಚಿಕೆಗಳಿಗೆ ನಮ್ಮಲ್ಲೂ ಹುಡುಕಾಟವಿದೆ. ಅಂಥದ್ದು ಸಿಕ್ಕರೆ ಸಿಗುವುದು ರದ್ದಿ ಅಂಗಡಿಯಲ್ಲೇ, ಕೆ.ಜಿ. ಲೆಕ್ಕದಲ್ಲಿ.

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ವರ್ಷಗಳಿಂದ ಸುತ್ತುವ ಗೆಳೆಯರೊಬ್ಬರಿಗೆ ಡೆನ್ವರ್ ಕಥೆ ಹೇಳಿ, ನೀವಾದರೆ ಏನು ಮಾಡ್ತೀರಿ ಅಂತ ಕೇಳಿದೆ. “ಹೇಳ್ತೀನಿ ಸಾರ್, ಯಾಕೆ ಹೇಳಲ್ಲ. ಆದ್ರೆ ಯಾರಿಗೆ ಹೇಳ್ಲಿ?” ಅಂದರು. ರದ್ದಿಯವನಿಗೆ ಹೇಳಿದರೆ ಅವನಿಗೆ ಲಾಭ. ಅವನೂ ಯಾರದೋ ಮನೆಯಿಂದ ತಕ್ಕಡಿಯಲ್ಲಿ ತೂಗಿ ತಂದವನು. ಇವರು ಒಮ್ಮೆ ಹಾಗೆ ಹೇಳಿಯೂ ನೋಡಿದ್ದರಂತೆ. ಕಂತೆಯೊಳಗೆ ಫ್ಯಾಂಟಮ್‌ನ ಹಳೆಯ ಸಂಚಿಕೆಯೊಂದು ಕಂಡಿತ್ತು, ರಟ್ಟು ಬಿಟ್ಟಿರಲಿಲ್ಲ, ಹಿಂಬದಿಯಲ್ಲಿ ನೀಲಿ ಇಂಕಿನಲ್ಲಿ ಒಂದು ಮಗುವಿನ ಹೆಸರು ಮತ್ತು ಮೂರನೇ ತರಗತಿ ‘ಬಿ’ ಸೆಕ್ಷನ್ ಎಂದಿತ್ತು. ಇದಕ್ಕೆ ಸಾವಿರದ ಮೇಲೆ ಕೊಡೋರಿದ್ದಾರೆ ಅಂದಾಗ ಅಂಗಡಿಯಾತ ಪುಸ್ತಕ ತಿರುಗಿಸಿ ನೋಡಿ, “ಕೊಡೋರು ನೀವೇ ತಾನೆ ಸಾಮಿ, ಕೊಡಿ” ಅಂದನಂತೆ. ಕೊಟ್ಟರು. ಮುಂದಿನ ವಾರದಿಂದ ಆ ಅಂಗಡಿಯಲ್ಲಿ ಹರಿದ ಚಂದಮಾಮಕ್ಕೂ ಸಾವಿರ ಹೇಳತೊಡಗಿದ್ದಾನೆ ಎಂದು ಗೆಳೆಯರ ದೂರು.