ಗುಣಾಧಿಕರಲ್ಲಿ ಪ್ರಮೋದಭಾವನೆ



ವ್ರತಿಯಾದವನು ಭಾವಿಸಬೇಕಾದ ನಾಲ್ಕು ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಅವಿನಯಿಗಳಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ಪ್ರಮೋದವು ಸುಲಭವೆಂದು ತೋರಿದರೂ ಆಚರಣೆಯಲ್ಲಿ ಕಠಿಣವಾದುದು. ಮುನಿಗಳ ಗುಣವನ್ನು ಕಂಡು ಹರ್ಷಿಸುವುದು ನಮಗೆ ಅಭ್ಯಾಸವಾಗಿದೆ. ರಾಜಕಾರಣದಲ್ಲಿರುವವರ ಗುಣವನ್ನು ಕಂಡಾಗ ಮಾತ್ರ “ಇವರು ಯಾವ ಪಕ್ಷದವರು? ನಮಗೇನು ಮಾಡಿದರು?” ಎಂದು ಮನಸ್ಸು ಲೆಕ್ಕಕ್ಕೆ ಕೂರುತ್ತದೆ.

ಗೊಮ್ಮಟಗಿರಿಯ ಆಸುಪಾಸಿನ ಹುಣಸೂರು, ಹನಸೋಗೆಯ ಪುರಾತನ ಬಸದಿಯಿಂದ ಪ್ರಸಿದ್ಧವಾದ ಕೃಷ್ಣರಾಜನಗರ ಸೀಮೆ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ಭಾಗದ ಶ್ರಾವಕರಿಗೆ ಇದಕ್ಕೆ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದರು. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವನದಾಯಿತು. ಭೂಮಿ ಪಡೆದ ಮನೆಯಲ್ಲಿ ಅವರು ದೇವರಾದರು. ಕಳೆದುಕೊಂಡ ಮನೆಯಲ್ಲಿ ಅವರ ಹೆಸರು ಕಹಿಯಾಯಿತು. ಎರಡು ಕಡೆಯೂ ಅಳೆದದ್ದು ತಮ್ಮ ಲಾಭನಷ್ಟವನ್ನೇ ಹೊರತು ಗುಣವನ್ನಲ್ಲ. ಲಾಭದಿಂದ ಹುಟ್ಟಿದ ಹೊಗಳಿಕೆ ರಾಗ. ನಷ್ಟದಿಂದ ಹುಟ್ಟಿದ ತೆಗಳಿಕೆ ದ್ವೇಷ. ಪ್ರಮೋದವು ಇವೆರಡಕ್ಕಿಂತ ಬೇರೆಯಾದುದು.

ಹಾಗಾದರೆ ಅಳೆಯುವ ಕೋಲು ಯಾವುದು? ತ್ಯಾಗವೇ. ಕೈಯಲ್ಲಿದ್ದುದನ್ನು ಧರ್ಮಕ್ಕಾಗಿ ಬಿಟ್ಟವರಾರು ಎಂದು ನೋಡಬೇಕು. ನಮ್ಮ ನಾಡಿನ ಯಶೋಧರಮ್ಮ ದಾಸಪ್ಪನವರು ಗಾಂಧೀಜಿಯವರ ಮಾರ್ಗದಲ್ಲಿ ನಡೆದು ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರು. ಮುಂದೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಸಚಿವೆಯಾದರು. ರಾಜ್ಯದಲ್ಲಿದ್ದ ಪಾನನಿರೋಧವನ್ನು ಹಿಂತೆಗೆಯಲು ಸರ್ಕಾರ ನಿಶ್ಚಯಿಸಿದಾಗ ಆ ನಿರ್ಧಾರವನ್ನು ಪ್ರತಿಭಟಿಸಿ ಸಚಿವ ಪದವಿಯನ್ನೇ ತ್ಯಜಿಸಿದರು. ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಒಂದು. ಜನ್ಮದಿಂದ ಜೈನರಲ್ಲದ ಆ ಮಹಿಳೆ ಅದಕ್ಕಾಗಿ ಅಧಿಕಾರವನ್ನು ಬಿಟ್ಟರು. ಪಾನನಿರೋಧವು ಆಮೇಲೂ ಉಳಿಯಲಿಲ್ಲವೆಂಬುದು ನಿಜ. ಆದರೆ ವ್ರತದ ಬೆಲೆ ಫಲದಿಂದ ನಿಶ್ಚಯವಾಗುವುದಿಲ್ಲ, ಭಾವಶುದ್ಧಿಯಿಂದ ನಿಶ್ಚಯವಾಗುತ್ತದೆ.

ಲಾಲ್ ಬಹಾದೂರ್ ಶಾಸ್ತ್ರಿಗಳ ನಡತೆಯೂ ಅಂತಹುದೇ. 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತವಾದಾಗ, ತಾವು ಸ್ವತಃ ತಪ್ಪು ಮಾಡದಿದ್ದರೂ ಹೊಣೆ ಹೊತ್ತು ರೈಲ್ವೆ ಮಂತ್ರಿಪದವಿಗೆ ರಾಜೀನಾಮೆಯಿತ್ತರು. 1965ರಲ್ಲಿ ಧಾನ್ಯದ ಅಭಾವವುಂಟಾದಾಗ ವಾರಕ್ಕೊಂದು ಹೊತ್ತು, ಸೋಮವಾರದ ರಾತ್ರಿಯೂಟವನ್ನು ಬಿಡಿರೆಂದು ದೇಶವನ್ನು ಪ್ರಾರ್ಥಿಸಿದರು. ಆದರೆ ಅದಕ್ಕೆ ಮುನ್ನ ತಮ್ಮ ಮನೆಯಲ್ಲಿ ಅದನ್ನು ಆಚರಿಸಿ ನೋಡಿದ್ದರು. ಏಕಾಶನ, ಉಪವಾಸಗಳನ್ನು ಬಲ್ಲ ನಮಗೆ ಈ ಮಾತಿನ ತೂಕ ಬೇಗ ಅರ್ಥವಾಗಬೇಕು.

“ರಾಗದ್ವೇಷಗಳಲ್ಲಿ ಮುಳುಗಿದ ಗೃಹಸ್ಥರನ್ನು ಕೊಂಡಾಡುವುದು ಮಿಥ್ಯಾತ್ವವಲ್ಲವೇ?” ಎಂದು ಕೆಲವರು ಸಂಶಯಪಡಬಹುದು. ಆರಾಧನೆಯು ದೇವ, ಶಾಸ್ತ್ರ, ಗುರುಗಳಿಗೆ ಮಾತ್ರ ಸಲ್ಲತಕ್ಕದ್ದು. ಪ್ರಮೋದವು ಆರಾಧನೆಯಲ್ಲ, ಗುಣದ ಆದರ. ವ್ಯಕ್ತಿಯನ್ನು ತಲೆಯ ಮೇಲೆ ಹೊತ್ತರೆ ಅವನ ದೋಷವನ್ನೂ ಹೊತ್ತಂತಾಗುವುದು. ಗುಣವನ್ನು ಮಾತ್ರ ಆದರಿಸಿದರೆ ಅದು ಕ್ರಮೇಣ ನಮ್ಮಲ್ಲಿಯೂ ಅಂಕುರಿಸುವುದು.

ಆದುದರಿಂದ ನಾಯಕರ ಪ್ರಾಮಾಣಿಕತೆಯನ್ನು ಮೆಚ್ಚುವವನು ತನ್ನನ್ನೂ ಪರೀಕ್ಷಿಸಿಕೊಳ್ಳಬೇಕು. ಅಚೌರ್ಯಾಣುವ್ರತದ ಅತಿಚಾರಗಳು ಐದು. ಅವುಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ನ್ಯಾಯವನ್ನು ಮೀರಿ ನಡೆಯುವುದು. ಹೀನಾಧಿಕಮಾನೋನ್ಮಾನವೆಂದರೆ ಅಳತೆ ತೂಕಗಳಲ್ಲಿ ವಂಚಿಸುವುದು. ತಂಬಾಕಿನ ಬೇಲನ್ನೋ ಭತ್ತದ ಮೂಟೆಯನ್ನೋ ತೂಗುವಾಗ, ತೆರಿಗೆಯ ಲೆಕ್ಕ ಬರೆಯುವಾಗ, ಕಛೇರಿಯಲ್ಲಿ ಕೆಲಸ ಬೇಗನಾಗಲೆಂದು ಕೈ ಬಿಸಿ ಮಾಡುವಾಗ ಈ ಅತಿಚಾರಗಳು ನೆನಪಿಗೆ ಬರುತ್ತವೆಯೇ? ಮತಕ್ಕೆ ಹಣ ಪಡೆದ ಮನೆಯವರು ಪ್ರಾಮಾಣಿಕ ನಾಯಕರಿಲ್ಲವೆಂದು ದೂರುವುದು ಹೇಗೆ ಉಚಿತವಾದೀತು?

ಮುಂಬರುವ ಚಾತುರ್ಮಾಸದಲ್ಲಿ ಅಷ್ಟಮಿ ಚತುರ್ದಶಿಗಳ ಉಪವಾಸದೊಡನೆ ಇನ್ನೊಂದು ನಿಯಮವನ್ನು ಸ್ವೀಕರಿಸೋಣ: ಮತಕ್ಕಾಗಿ ಹಣವನ್ನಾಗಲಿ ವಸ್ತುವನ್ನಾಗಲಿ ಮುಟ್ಟುವುದಿಲ್ಲ, ಲಂಚವನ್ನು ಕೊಡುವುದಿಲ್ಲ, ಕೊಳ್ಳುವುದಿಲ್ಲ. ನಿತ್ಯ ಸಾಮಾಯಿಕದ ತರುವಾಯ ಸಜ್ಜನರಾದ ಸಾರ್ವಜನಿಕರೊಬ್ಬರ ಒಂದು ಗುಣವನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಮನೆಯ ಮಕ್ಕಳಿಗೆ ಹೇಳೋಣ. ಈ ಎರಡೂ ಆಚರಣೆಗೆ ಬಂದ ಮನೆಯಲ್ಲಿ ಪ್ರಮೋದಭಾವನೆಯು ನಿಜವಾಗಿ ನೆಲೆಸಿತೆಂದು ತಿಳಿಯಬೇಕು.