ಬದುವಿನ ಮೇಲಿನ ಕಹಿ ಬೇರು

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಮುಂಗಾರು ಮಳೆ ಬಿದ್ದೊಡನೆ ಹೊಲದಲ್ಲಿ ಗೋವಿನಜೋಳ, ಹತ್ತಿ ಮೊಳೆಯುತ್ತವೆ. ಬದುವಿನ ಮೇಲೆ ಪಾರ್ಥೇನಿಯಂ ತಲೆಯೆತ್ತುತ್ತದೆ. ರೈತರ ಬಾಯಲ್ಲಿ ಅದು ಕಾಂಗ್ರೆಸ್ ಕಸ. ಅಮೆರಿಕ ಮೂಲದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶದ ತುಂಬ ಹರಡಿತು.

ಬೇರೆ ಕಳೆಗಳು ಬೆಳೆಯ ನೀರು, ಗೊಬ್ಬರ ಕದಿಯುತ್ತವೆ. ಇದು ಅಷ್ಟಕ್ಕೇ ನಿಲ್ಲದೆ ನೆಲಕ್ಕೂ ವಿಷ ಬೆರೆಸುತ್ತದೆ. ಇದರ ಬೇರಿನ ಒಸರು, ಎಲೆಯ ಸಾರ, ಹೂವಿನ ಪರಾಗ ಸಹ ಇತರ ಸಸಿಗಳನ್ನು ಕುಗ್ಗಿಸುತ್ತವೆಂದು 1980ರ ಸುಮಾರಿಗೆ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ತೋರಿಸಿಕೊಟ್ಟರು. ಪಾರ್ಥೆನಿನ್ ಎಂಬುದು ಆ ವಿಷಗಳಲ್ಲಿ ಮುಖ್ಯವಾದುದು. ಗಿಡ ಒಣಗಿ ಮಣ್ಣಿಗೆ ಬಿದ್ದ ಮೇಲೂ ಕೆಲಕಾಲ ವಿಷ ಕೆಲಸ ಮಾಡುತ್ತದೆ. ಪಕ್ಕದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ಬೇರು ಚಿಕ್ಕದಾಗಿಯೇ ಉಳಿಯುತ್ತದೆ.

ಹಿಬ್ರಿಯರಿಗೆ ಬರೆದ ಪತ್ರ (12:15) ಕಹಿ ಬೇರಿನ ಬಗ್ಗೆ ಎಚ್ಚರಿಸುತ್ತದೆ. ಅದು ಕೆಡಿಸುವುದು ಒಬ್ಬನನ್ನಲ್ಲ, ಅನೇಕರನ್ನು. ಹೊಲ ಪಾಲಾಗುವಾಗ ಒಂದು ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಜಗಳವಾಡಿದ ಹಿರಿಯರು ತೀರಿಕೊಂಡ ಮೇಲೂ ಮಕ್ಕಳು ಕಾಕಾನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಏಕೆಂದು ಕೇಳಿದರೆ ಅವರಿಗೇ ತಿಳಿಯದು. ನೆಲದಲ್ಲಿ ಉಳಿದ ವಿಷವದು.

ಸುಗ್ಗಿಯವರೆಗೆ ಕಳೆ ಕೀಳಬೇಡಿ ಎಂದು ಸಾಮತಿಯ ಯಜಮಾನ ಹೇಳಲಿಲ್ಲವೇ (ಮತ್ತಾಯ 13) ಎಂದು ಕೆಲವರು ಕೇಳಬಹುದು. ಪರರಿಗೆ ತೀರ್ಪು ಕೊಡುವ ಅವಸರ ಬೇಡವೆಂಬುದು ಅಲ್ಲಿನ ಪಾಠ. ನಮ್ಮ ಹೃದಯದ ಕಳೆಯನ್ನು ನಾವೇ ಕೀಳಬೇಕು, ಅದೂ ಹೂ ಬಿಡುವ ಮೊದಲೇ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಕಿತ್ತವರಿಗೆ ಮೈ ತುರಿಸುತ್ತದೆ. ಮೊದಲು ತಲೆಬಾಗುವವನಿಗೂ ನೋವುಂಟು. ಆದ್ದರಿಂದ ಮೊದಲು ಪ್ರಾರ್ಥಿಸಿ.

ಕಿತ್ತರಷ್ಟೇ ಸಾಲದು. ಜಾಗ ಬರಿದಾಗಿದ್ದರೆ ಅದೇ ಕಸ ಮತ್ತೆ ಬರುತ್ತದೆ. ಅದಕ್ಕೇ ಅಲ್ಲಿ ತಗಚೆ, ಚೆಂಡುಹೂವು ಬಿತ್ತಿರೆಂದು ಕೃಷಿ ಬಲ್ಲವರು ಹೇಳುತ್ತಾರೆ. ಗುಡಿಸಿ ಖಾಲಿ ಬಿಟ್ಟ ಮನೆಗೆ ದುರಾತ್ಮ ಇನ್ನೂ ಏಳನ್ನು ಕರೆತಂದುದನ್ನು ಯೇಸುಸ್ವಾಮಿ ಹೇಳಿದ್ದಾರೆ (ಲೂಕ 11:24-26). ಪಾಪನಿವೇದನೆಯಲ್ಲಿ ದ್ವೇಷ ಬಿಟ್ಟವರು ಆ ಜಾಗದಲ್ಲಿ ಪ್ರೀತಿಯ ಒಂದು ಕೆಲಸ ಬಿತ್ತಬೇಕು. ಈ ಭಾನುವಾರ ಪೂಜೆ ಮುಗಿದ ಮೇಲೆ ಅಣ್ಣನ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ, ಆ ನೆಲದಲ್ಲಿ ಇನ್ನು ಬೆಳೆಯಬೇಕಾದವರು ಅವರು.

ಪ್ರಭುವೇ, ನಮ್ಮ ಮನೆಗಳ ನೆಲವನ್ನು ಶುದ್ಧಗೊಳಿಸು. ಆಮೆನ್.