ದಾರಿ ಬಿಡುವ ಧರ್ಮ

ದಾರಿಯಲ್ಲಿ ಎದುರುಬದುರಾದ ಇಬ್ಬರಲ್ಲಿ ಯಾರು ಯಾರಿಗೆ ಎಡೆಗೊಡಬೇಕೆಂಬ ಪ್ರಶ್ನೆಯನ್ನು ಪ್ರಾಚೀನರು ಕ್ಷುಲ್ಲಕವೆಂದೆಣಿಸಲಿಲ್ಲ. ವಾಹನದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕನು, ರಾಜನು, ಮದುವಣಿಗನು ಇವರಿಗೆ ದಾರಿ ಬಿಡತಕ್ಕದ್ದೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ವಿಧಿಯುಂಟು. ವನಪರ್ವದಲ್ಲಿ ಜನಕರಾಜನು ಎದುರಾದಾಗ ಬಾಲಕನಾದ ಅಷ್ಟಾವಕ್ರನು ದಾರಿಯು ಮೊದಲು ಯಾರದೆಂದು ವಾದಿಸಿದ್ದೂ ಪ್ರಸಿದ್ಧವೇ. ಈ ಪಟ್ಟಿಯಲ್ಲಿ ಎರಡು ತೆರದ ಜನರಿರುವರು. ರೋಗಿಗೆ ಎಡೆಗೊಡುವುದು ಅವನ ನೋವಿಗಾಗಿ. ಸ್ನಾತಕನಿಗೆ ಎಡೆಗೊಡುವುದು ಅವನು ನಡೆಸಿದ ವ್ರತಕ್ಕಾಗಿ. ಒಂದು ಅವಶ್ಯಕತೆ, ಇನ್ನೊಂದು ಗೌರವ.

ಈ ಭೇದವು ಈಚೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಹೊಸ ವೇಷದಿಂದ ಕಾಣಿಸಿಕೊಂಡಿತು. ಅಲ್ಲಿ ನೆಲೆಸಿದ ಕನ್ನಡದ ಮಕ್ಕಳು ಅನೇಕರಿರುವುದರಿಂದ ಇಲ್ಲಿಯ ಮನೆಗಳಿಗೂ ಅದು ತೀರ ಅಪರಿಚಿತವಲ್ಲ. ಆ ಪ್ರಾಂತದ ಹೆದ್ದಾರಿಗಳಲ್ಲಿ ಒಂದು ಪಥವನ್ನು ಇಬ್ಬರು, ಕೆಲವೆಡೆ ಮೂವರು, ಕೂಡಿ ಕುಳಿತು ಹೋಗುವ ಕಾರುಗಳಿಗೆಂದು ಕಾದಿರಿಸಿರುವರು. ಮೂವರು ಒಂದೇ ಕಾರಿನಲ್ಲಿ ಹೋದರೆ ರಸ್ತೆಯ ಮೇಲೆ ಎರಡು ಕಾರು ಕಡಿಮೆಯಾಗುವುದೆಂಬುದೇ ಅದರ ತಾತ್ಪರ್ಯ. 2005ರಲ್ಲಿ ಪೆಟ್ರೋಲಿನ ಯಂತ್ರದೊಡನೆ ವಿದ್ಯುತ್ತಿನ ಮೋಟಾರನ್ನೂ ಕೂಡಿಸಿದ ಹೈಬ್ರಿಡ್ ಕಾರುಗಳಲ್ಲಿ ಗ್ಯಾಲನ್ನಿಗೆ 45 ಮೈಲಿ ಓಡುವಂಥವಕ್ಕೆ, ಚಾಲಕನು ಒಬ್ಬನೇ ಇದ್ದರೂ, ಆ ಪಥದಲ್ಲಿ ಪ್ರವೇಶ ದೊರೆಯಿತು. ಗುರುತಿಗೆ ಹಳದಿ ಚೀಟಿ. ಮೊದಲು 75,000, ಬಳಿಕ 85,000 ಚೀಟಿಗಳನ್ನು ಹಂಚಲಾಯಿತು. 2011ರ ಜುಲೈ 1ಕ್ಕೆ ಅವು ರದ್ದಾದವು. ಇನ್ನೂ ಶುದ್ಧವಾದ ವಾಹನಗಳಿಗೆ ಕೊಟ್ಟ ಬೇರೆ ಬಣ್ಣದ ಚೀಟಿಗಳೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿದವು.

ಪೂರ್ವಪಕ್ಷವು ದುರ್ಬಲವಲ್ಲ. ಹೊಗೆ ಕಡಿಮೆಯಾದರೆ ಆ ಗಾಳಿಯನ್ನು ಎಲ್ಲರೂ ಉಸಿರಾಡುವರು. ಲೋಕಕ್ಕೆ ಉಪಕಾರ ಮಾಡಿದವನಿಗೆ, ಸ್ನಾತಕನಿಗೆಂಬಂತೆ, ದಾರಿ ಬಿಟ್ಟರೇನು ತಪ್ಪು? ಅಲ್ಲದೆ ಸರಕಾರಕ್ಕೆ ಕಾಸಿನ ಖರ್ಚೂ ಇಲ್ಲ.

ಆದರೆ ಪೆಟ್ರೋಲನ್ನು ಉಳಿಸುವುದು ಒಂದು ಗುಣ, ದಾರಿಯ ಜಾಗವನ್ನು ಉಳಿಸುವುದು ಇನ್ನೊಂದು. ಹೈಬ್ರಿಡ್ ಕಾರೂ ರಸ್ತೆಯ ಮೇಲೆ ಉಳಿದ ಕಾರಿನಷ್ಟೇ ಜಾಗವನ್ನು ಹಿಡಿಯುವುದು. ಹುನಗುಂದ ಸೀಮೆಯ ರಾಮಥಾಳದ ಕಡೆ ನೋಡಿದರೆ ಇದು ಬೇಗ ತಿಳಿಯುವುದು. ನಾರಾಯಣಪುರ ಜಲಾಶಯದ ನೀರನ್ನೆತ್ತಿ 24,000 ಹೆಕ್ಟೇರು ಹೊಲಗಳಿಗೆ ಕೊಳವೆಗಳಿಂದ ಹನಿಹನಿಯಾಗಿ ಉಣಿಸಲೆಂದು ಅಲ್ಲಿ ಯೋಜನೆಯನ್ನು ಹೂಡಿದರು. ಹನಿಯಿಂದ ಬೆಳೆವವನು ಎಲ್ಲರಿಗೂ ಸೇರಿದ ನೀರನ್ನೇ ಉಳಿಸುವನಾದ್ದರಿಂದ ನೀರಿನಲ್ಲಿ ಅವನಿಗೆ ಪ್ರಾಶಸ್ತ್ಯ ಕೊಟ್ಟರೆ ಯುಕ್ತಿಯುಂಟು. ಅವನು ಜೊತೆಗೂಡಿ ಹೋಗುವ ಪ್ರಯಾಣಿಕನಂತೆ. ಆದರೆ ಪಕ್ಕದ ರೈತನೊಬ್ಬನು, “ರಾಸಾಯನಿಕ ಗೊಬ್ಬರ ಬಿಟ್ಟು ತಿಪ್ಪೆಗೊಬ್ಬರ ಹಾಕಿದ್ದೇನೆ, ನೀರನ್ನು ಮೊದಲು ನನಗೇ ಬಿಡಿರಿ” ಎಂದರೆ? ಅವನ ಕಾರ್ಯ ಶ್ಲಾಘ್ಯವೇ. ಊರ ಹಿರಿಯರಾದರೋ, “ಪುಣ್ಯ ನಿನ್ನದು ಹೌದಪ್ಪಾ, ಪಾಳಿ ಪಕ್ಕದವನದು” ಎನ್ನದೆ ಇರಲಾರರು.

ಖರ್ಚಿಲ್ಲವೆಂಬ ಮಾತೂ ನಿಲ್ಲದು. ನೆರೆಯವನಿಗಾಗಿ ಕಾಲುಗಂಟೆ ಕಾದು ಅವನನ್ನು ಹತ್ತಿಸಿಕೊಂಡು ಬಂದವನ ಕಾಲದಿಂದಲೇ ಈ ಬಹುಮಾನವನ್ನು ತೆಗೆದುಕೊಟ್ಟದ್ದು. ಮೇಲಾಗಿ, ಚೀಟಿ ಅಂಟಿದ ಹಳೆಯ ಕಾರಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆ ಬಂದಿತು. ಸ್ನಾತಕನ ವ್ರತವನ್ನು ಸಂತೆಯಲ್ಲಿ ಕೊಂಡವರುಂಟೇ?

ಇಲ್ಲಿಗೆ ವಾದವು ಮುಗಿಯುತ್ತಿತ್ತು. ಬರ್ಕ್ಲಿಯ ವಿಶ್ವವಿದ್ಯಾನಿಲಯದ ಜಾಂಗ್ ಮತ್ತು ಕ್ಯಾಸಿಡಿ ಎಂಬ ಸಂಶೋಧಕರು ಅದನ್ನು ಮುಗಿಯಗೊಡಲಿಲ್ಲ. ಹೈಬ್ರಿಡ್ ಕಾರುಗಳನ್ನು ಹೊರಹಾಕಿದ ತರುವಾಯ ಕಾದಿರಿಸಿದ ಪಥದ ವೇಗವೇ ಕುಗ್ಗಿತೆಂದು ಅವರು ಕಂಡರು. ಹೊರಬಿದ್ದ ಕಾರುಗಳು ಪಕ್ಕದ ಪಥಗಳನ್ನು ದಟ್ಟಗೊಳಿಸಿದವು. ನಿಂತು ನಿಂತು ಸಾಗುವ ಸಾಲಿನ ಮಗ್ಗುಲಲ್ಲಿ ರಭಸದಿಂದ ಓಡಿಸಲು ಒಳಗಿನವರು ಅಂಜಿದರು. ಹೊರಹಾಕಿದ್ದರಿಂದ ಯಾರಿಗೂ ಲಾಭವಾಗಲಿಲ್ಲ. ಹಕ್ಕಿಲ್ಲದವನನ್ನು ಹೊರಗಿಡುವುದೇ ನ್ಯಾಯವೆಂದು ಹಟ ಹಿಡಿಯುವವರು ಇದನ್ನು ಉಪೇಕ್ಷಿಸಕೂಡದು. ಪಥದಲ್ಲಿ ತೆರವಿದ್ದಾಗ ಒಳಗೆ ಬಿಟ್ಟರೆ ಯಾರಿಗೂ ಅನ್ಯಾಯವಿಲ್ಲ. ಜಾಗವನ್ನು ಬರಿದೆ ಕೆಡಿಸುವುದು ಧರ್ಮವೂ ಅಲ್ಲ. ಆದರೆ ಆ ಪ್ರವೇಶವು ತೆರವಿನಿಂದ ಬಂದದ್ದು, ಗುಣದಿಂದಲ್ಲ; ಅದು ಅತಿಥಿಯ ಸ್ಥಾನ. ತೆರವಿನ ಮಾತೇ ಆದರೆ ರೋಗಿಯನ್ನು ಕರೆದೊಯ್ಯುವ ಹಳೆಯ ಕಾರೂ ಅದನ್ನು ಕೇಳಬಹುದು, ಮತ್ತು ಮೊದಲು ಕೇಳಬಹುದು. ಚೀಟಿ ಹಂಚಿದವರು ಅವನನ್ನು ನೆನೆಯದಿದ್ದುದು ವಿಚಿತ್ರ.

ಕರ್ನಾಟಕ ಸರಕಾರವು ವಿದ್ಯುತ್ ವಾಹನಗಳನ್ನು ಬೇರೆ ರೀತಿಯಿಂದ ಪುರಸ್ಕರಿಸಿತು. 2016ರಲ್ಲಿ ಅವುಗಳ ತೆರಿಗೆಯನ್ನು ಬಿಟ್ಟುಕೊಟ್ಟಿತು. 2024ರಲ್ಲಿ 25 ಲಕ್ಷ ರೂಪಾಯಿಗೆ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡ 10ರ ತೆರಿಗೆಯನ್ನು ಮತ್ತೆ ವಿಧಿಸಿತು. ಬೊಕ್ಕಸದಿಂದ ಕೊಟ್ಟದ್ದಕ್ಕೆ ಲೆಕ್ಕವುಂಟು. ಉಳ್ಳವರಿಗೆ ಹೆಚ್ಚಾಯಿತೆಂದು ಕಂಡಾಗ ಹಿಂದೆಗೆಯಲೂ ಬರುವುದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೆಂದೇ ಒಂದು ಪಥವನ್ನು ಕಂಬ ನೆಟ್ಟು ಬೇರ್ಪಡಿಸಿದರು. ಅಂಥ ಪಥದಲ್ಲಿ ಒಬ್ಬನೇ ಕುಳಿತ ಹೊಗೆಯಿಲ್ಲದ ಕಾರೊಂದು ಮುಂದೆ ನಿಂತು, ಹಿಂದಿನ ಬಸ್ಸಿನಲ್ಲಿ ಐವತ್ತು ಜನ ಕಂಬಿ ಹಿಡಿದು ಕಾಯುತ್ತಿದ್ದರೆ, ಹೊರೆ ಹೊತ್ತವನು ಯಾರೆಂದು ಅಷ್ಟಾವಕ್ರನನ್ನು ಕೇಳಬೇಕಾಗಿಲ್ಲ. ತುಂಬಿದ ಚಕ್ಕಡಿ ಎದುರಾದರೆ ಬರಿಯ ಚಕ್ಕಡಿಯವನು ಎತ್ತುಗಳನ್ನು ಬದಿಗೆಳೆಯುವುದು ಎರೆಸೀಮೆಯ ದಾರಿಗಳಲ್ಲಿ ಯಾರೂ ಹೇಳಿಕೊಟ್ಟು ಕಲಿತದ್ದಲ್ಲ.